ಅಕ್ಷರದ ರೂಪ ಸರಿಯಾಗಿದೆ, ಬರೆಯುವ ದಾರಿ ಮಾತ್ರ ತಪ್ಪಿದೆ: ಐದು ವರ್ಷದ ಮಗನಿಗೆ ಹೇಗೆ ಕಲಿಸಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಐದು ವರ್ಷ ತುಂಬಿ ಎರಡು ತಿಂಗಳಾಗಿದೆ. ಅಕ್ಷರಗಳನ್ನು ಗುರುತಿಸಲು ಅವನಿಗೆ ಕಷ್ಟವೇನೂ ಇಲ್ಲ. ಕಣ್ಣಿಗೆ ಬಿದ್ದ ಫಲಕಗಳನ್ನೆಲ್ಲ ಒಂದೊಂದೇ ಅಕ್ಷರ ಹಿಡಿದು ತಾನಾಗಿಯೇ ಓದುತ್ತಾನೆ. ಕಷ್ಟವಿರುವುದು ಬರೆಯುವುದರಲ್ಲಿ. ಅವನು ಬರೆದು ಮುಗಿಸಿದ ಹಾಳೆಯನ್ನು ನೋಡಿದರೆ ಹೆಚ್ಚಿನ ಅಕ್ಷರಗಳು ಸರಿಯಾಗಿಯೇ ಕಾಣುತ್ತವೆ, ಶಾಲೆಯಲ್ಲಿ ಅವುಗಳಿಗೆ ಸರಿ ಗುರುತೂ ಬೀಳುತ್ತದೆ. ಆದರೆ ಪಕ್ಕದಲ್ಲಿ ಕುಳಿತು ನೋಡಿದಾಗ ನನಗೆ ಗಾಬರಿಯಾಯಿತು. 'ಗ' ಬರೆಯುವಾಗ ಮೊದಲು ತಲೆಕಟ್ಟನ್ನು ಹಾಕಿಕೊಂಡು, ಬಲಪಾದದಿಂದ ಮೇಲಕ್ಕೆ ಹತ್ತಿ ಎಡಕ್ಕೆ ಇಳಿಯುತ್ತಾನೆ. 'ರ' ಬರೆಯುವಾಗ ಎರಡು ಅರ್ಧಚಂದ್ರಗಳನ್ನು ಬೇರೆಬೇರೆಯಾಗಿ ಎಳೆದು ಜೋಡಿಸುತ್ತಾನೆ. 'ದ'ವನ್ನು ಮೂರು ತುಂಡುಗಳಲ್ಲಿ ಕಟ್ಟುತ್ತಾನೆ, ಆ ತುಂಡುಗಳ ಕ್ರಮವೂ ಒಂದು ದಿನ ಇದ್ದಂತೆ ಮರುದಿನ ಇರುವುದಿಲ್ಲ.

ಒಂದು ಸಾಲು ಬರೆಯಲು ಅವನಿಗೆ ಕಾಲು ಗಂಟೆ ಹಿಡಿಯುತ್ತದೆ. ಅರ್ಧ ಪುಟವಾಗುವಷ್ಟರಲ್ಲಿ ಕೈ ನೋಯುತ್ತದೆ ಎಂದು ಅಳಲು ಶುರುಮಾಡುತ್ತಾನೆ. ಇದಲ್ಲದೆ ಪ್ರತಿದಿನ ಎರಡು ಪುಟ ಚುಕ್ಕಿ ಅಕ್ಷರಗಳನ್ನು ತಿದ್ದಲು ಕೊಡುತ್ತಾರೆ. ಅದನ್ನು ಬೇಗ ಮುಗಿಸುತ್ತಾನೆ, ಆದರೆ ಪುಸ್ತಕ ಮುಚ್ಚಿ ಅದೇ ಅಕ್ಷರವನ್ನು ಬರೆ ಎಂದರೆ ಪೆನ್ಸಿಲ್ ಹಿಡಿದು ಸುಮ್ಮನೆ ಕುಳಿತುಬಿಡುತ್ತಾನೆ. ಪೆನ್ಸಿಲ್ಲನ್ನು ನಾಲ್ಕು ಬೆರಳುಗಳಲ್ಲಿ ಬಿಗಿಯಾಗಿ ಹಿಡಿಯುತ್ತಾನೆ. ಒಮ್ಮೊಮ್ಮೆ ಅಕ್ಷರದ ಎಡಬಲ ಅದಲುಬದಲಾಗುವುದೂ ಉಂಟು.

ರೂಪ ಸರಿಯಾಗಿ ಬರುತ್ತಿರುವಾಗ ಬರೆಯುವ ಕ್ರಮದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ, ಅಥವಾ ಬೆಳೆಯುತ್ತ ಅದು ತಾನಾಗಿ ಸರಿಹೋಗುತ್ತದೆಯೇ? ತಿದ್ದಬೇಕೆಂದಿದ್ದರೆ, ಈಗಾಗಲೇ ಬರೆಯಲೆಂದರೆ ಮುಖ ತಿರುಗಿಸುವ ಮಗುವನ್ನು ಇನ್ನಷ್ಟು ನೋಯಿಸದೆ ಹೇಗೆ ತಿದ್ದಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1

ನಮಸ್ಕಾರ ಅಮ್ಮ. ನಾನು ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಬಹಳ ವರ್ಷ ಪಾಠ ಹೇಳಿ ನಿವೃತ್ತಳಾದವಳು. ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ: ಕ್ರಮದ ಬಗ್ಗೆ ಯೋಚಿಸಲೇಬೇಕು. ಅದು ತಾನಾಗಿ ಸರಿಹೋಗುವುದನ್ನು ನಾನು ತೀರ ವಿರಳವಾಗಿ ಕಂಡಿದ್ದೇನೆ. ಮುಗಿದ ಹಾಳೆಯನ್ನಷ್ಟೇ ನೋಡದೆ ಬರೆಯುತ್ತಿರುವ ಕೈಯನ್ನು ನೋಡಿದಿರಲ್ಲ, ಅದು ತುಂಬ ಒಳ್ಳೆಯ ಕೆಲಸ.

ನಿಮ್ಮ ಮಗ ಈಗ ಮಾಡುತ್ತಿರುವುದನ್ನು ಬರವಣಿಗೆ ಎನ್ನುವುದಕ್ಕಿಂತ ಚಿತ್ರ ಬಿಡಿಸುವುದು ಎನ್ನುವುದೇ ಸರಿ. ಅವನ ಕಣ್ಣಿಗೆ 'ಗ'ದ ಆಕಾರ ಗೊತ್ತು. ಆ ಆಕಾರವನ್ನು ಹೇಗಾದರೂ ಮಾಡಿ ಹಾಳೆಯ ಮೇಲೆ ತರಬೇಕೆಂದು ಪ್ರತಿ ಬಾರಿಯೂ ಹೊಸದಾಗಿ ಹೆಣಗುತ್ತಾನೆ. ದೊಡ್ಡವರಾದ ನಾವು 'ಗ' ಬರೆಯುವಾಗ ಆಕಾರವನ್ನು ನೆನೆಯುವುದೇ ಇಲ್ಲ. ನೂರು ಬಾರಿ ನಡೆದ ದಾರಿಯಲ್ಲಿ ಕಾಲು ಹೋಗುವಂತೆ ಕೈ ತಾನೇ ಹೋಗುತ್ತದೆ. ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹೋದರೆ ಮಾತ್ರ ಕೈಗೆ ಆ ನೆನಪು ಕೂಡುತ್ತದೆ. ಇಂದು ಬಲದಿಂದ, ನಾಳೆ ಎಡದಿಂದ, ನಾಡಿದ್ದು ನಡುವಿನಿಂದ ಹೊರಟರೆ ಸಾವಿರ ಬಾರಿ ಬರೆದರೂ ಕೈಗೆ ನೆನಪಿಟ್ಟುಕೊಳ್ಳಲು ಒಂದು ದಾರಿ ಸಿಗುವುದಿಲ್ಲ. ಅವನಿಗೆ ಕಾಲು ಗಂಟೆ ಹಿಡಿಯುವುದು, ಕೈ ನೋಯುವುದು, ಪುಸ್ತಕ ಮುಚ್ಚಿದಾಗ ಏನೂ ತೋಚದೆ ಕುಳಿತುಬಿಡುವುದು, ಈ ಮೂರರ ಬೇರೂ ಬಹುಪಾಲು ಇಲ್ಲೇ ಇದೆ ಎಂಬುದು ನನ್ನ ತಿಳಿವಳಿಕೆ. ಮುಂದೆ ವಾಕ್ಯಗಳನ್ನು ಬರೆಯುವಾಗ ಗಮನವೆಲ್ಲ ಅಕ್ಷರ ಕಟ್ಟುವುದಕ್ಕೇ ಖರ್ಚಾದರೆ, ಹೇಳಬೇಕಾದ ಮಾತನ್ನು ಯೋಚಿಸಲು ಮಗುವಿನಲ್ಲಿ ಶಕ್ತಿ ಉಳಿಯುವುದಿಲ್ಲ.

ಚುಕ್ಕಿ ಅಕ್ಷರಗಳ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಹೇಳುವುದಿದೆ. ನಮ್ಮ ಭಾಷೆಯಲ್ಲಿ ಅಕ್ಷರ ಕಲಿಸುವುದಕ್ಕೆ 'ತಿದ್ದಿಸುವುದು' ಎಂಬ ಮಾತೇ ಇದೆ. ಹಿರಿಯರು ಸ್ಲೇಟಿನ ಮೇಲೆ ಒಂದು ದೊಡ್ಡ ಅಕ್ಷರ ಬರೆದು, ಮಗುವಿನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಅದರ ಮೇಲೆ ಬಳಪವನ್ನು ನಡೆಸುತ್ತಿದ್ದರು. ಅಲ್ಲಿ ಮಗು ಕಲಿಯುತ್ತಿದ್ದುದು ಗೆರೆಯನ್ನಷ್ಟೇ ಅಲ್ಲ. ಎಲ್ಲಿ ಹೊರಡಬೇಕು, ಯಾವ ಕಡೆ ತಿರುಗಬೇಕು, ಎಲ್ಲಿ ಕೈ ಎತ್ತಬೇಕು ಎಂಬುದನ್ನೆಲ್ಲ ಆ ದೊಡ್ಡ ಕೈ ಚಿಕ್ಕ ಕೈಗೆ ಹೇಳುತ್ತಿತ್ತು. ಅಚ್ಚಾದ ಚುಕ್ಕಿ ಹಾಳೆಯಲ್ಲಿ ತಿದ್ದುವುದು ಉಳಿದಿದೆ, ಹಿಡಿದು ನಡೆಸುವ ಕೈ ಉಳಿದಿಲ್ಲ. ಯಾವ ಚುಕ್ಕಿಯಿಂದ ಹೊರಟರೂ ಅಕ್ಷರ ಮೂಡುತ್ತದೆ, ಆದ್ದರಿಂದ ಮಗು ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುತ್ತದೆಯೇ ಹೊರತು ಅಕ್ಷರವನ್ನು ಬರೆಯುವುದಿಲ್ಲ.

ಇದಕ್ಕೆ ಹೊಂದುವ ಒಂದು ಅಧ್ಯಯನವಿದೆ. ಕರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ ಎಂಬ ಸಂಶೋಧಕಿಯರು ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಕೆಲವು ಅಕ್ಷರಗಳನ್ನು ಸ್ವತಃ ಬರೆಯುವ, ಕೆಲವನ್ನು ತಿದ್ದುವ, ಕೆಲವನ್ನು ಕೀಲಿಮಣೆಯಲ್ಲಿ ಒತ್ತುವ ಅಭ್ಯಾಸ ಕೊಟ್ಟು, ಅನಂತರ ಅದೇ ಅಕ್ಷರಗಳನ್ನು ನೋಡುವಾಗ ಅವರ ಮಿದುಳಿನಲ್ಲಿ ಏನಾಗುತ್ತದೆ ಎಂದು ಸ್ಕ್ಯಾನ್ ಮಾಡಿ ಪರಿಶೀಲಿಸಿದರು. ಓದುವಾಗ ಕೆಲಸ ಮಾಡುವ ಮಿದುಳಿನ ಭಾಗಗಳು ಸ್ವತಃ ಬರೆದ ಅಕ್ಷರಗಳಿಗೆ ಸ್ಪಂದಿಸಿದವು. ತಿದ್ದಿದ ಮತ್ತು ಒತ್ತಿದ ಅಕ್ಷರಗಳಿಗೆ ಹಾಗೆ ಸ್ಪಂದಿಸಲಿಲ್ಲ. 2012ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇದ್ದವರು ಕೆಲವೇ ಮಕ್ಕಳು, ಅಲ್ಲಿನ ಅಕ್ಷರಗಳು ರೋಮನ್ ಲಿಪಿಯವು. ಆದರೂ ತರಗತಿಯಲ್ಲಿ ನಾನು ಕಂಡದ್ದಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಸೊಟ್ಟಗಾದರೂ ಚಿಂತೆಯಿಲ್ಲ, ಖಾಲಿ ಜಾಗದಲ್ಲಿ ತಾನೇ ಬರೆದ ಅಕ್ಷರವೇ ಮಗುವಿನದಾಗುತ್ತದೆ.

ಇನ್ನು, ಮಾಡಬೇಕಾದದ್ದೇನು ಎಂಬುದಕ್ಕೆ ಬರುತ್ತೇನೆ. 1997ರಲ್ಲಿ ವರ್ಜೀನಿಯಾ ಬರ್ನಿಂಗರ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು ಬರವಣಿಗೆಯಲ್ಲಿ ಹಿಂದುಳಿದ ಒಂದನೆಯ ತರಗತಿಯ ಮಕ್ಕಳ ಮೇಲೆ ಹಲವು ವಿಧಾನಗಳನ್ನು ಹೋಲಿಸಿ ನೋಡಿದಾಗ, ಗೆರೆಗಳ ಕ್ರಮವನ್ನು ಸಂಖ್ಯೆ ಹಾಕಿದ ಬಾಣಗಳಿಂದ ತೋರಿಸಿ, ಅನಂತರ ಅಕ್ಷರವನ್ನು ಮುಚ್ಚಿ, ನೆನಪಿನಿಂದ ಬರೆಯಿಸುವ ವಿಧಾನವೇ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ನೀವು ಮನೆಯಲ್ಲಿ ಮಾಡಬಹುದಾದದ್ದೂ ಇಷ್ಟೇ. ಒಂದು ದೊಡ್ಡ ಹಾಳೆಯ ಮೇಲೆ, ಅಂಗೈಯಷ್ಟು ಅಗಲವಾಗಿ, ನೀವು 'ಗ' ಬರೆಯಿರಿ. ಬರೆಯುತ್ತಲೇ ದಾರಿಯನ್ನು ಬಾಯಲ್ಲಿ ಹೇಳಿ: "ಎಡಗಡೆ ಕೆಳಗಿನಿಂದ ಹೊರಟೆ, ಮೇಲೆ ಹತ್ತಿದೆ, ಬಾಗಿದೆ, ಬಲಗಡೆ ಇಳಿದೆ, ನಿಂತೆ; ಈಗ ತಲೆಕಟ್ಟು." ಪ್ರತಿ ಬಾರಿಯೂ ಅದೇ ಮಾತುಗಳಿರಲಿ, ಒಂದು ಪದವೂ ಬದಲಾಗದಿರಲಿ. ಅವನು ಬೆರಳಿನಿಂದ ಅದರ ಮೇಲೆ ಹೋಗುತ್ತ ಅದೇ ಮಾತನ್ನು ಹೇಳಲಿ. ಇಟಲಿಯ ಶಿಕ್ಷಣ ತಜ್ಞೆ ಮರಿಯಾ ಮಾಂಟೆಸ್ಸರಿ ಅವರು 1907ರಲ್ಲಿ ರೋಮ್‌ನಲ್ಲಿ 'ಮಕ್ಕಳ ಮನೆ' ಎಂಬ ತಮ್ಮ ಮೊದಲ ಶಾಲೆಯನ್ನು ತೆರೆದ ಮೇಲೆ ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರಗಳನ್ನು ರೂಢಿಗೆ ತಂದದ್ದೂ ಇದೇ ಕಾರಣಕ್ಕೆ. ಪೆನ್ಸಿಲ್ ಹಿಡಿಯುವ ಮೊದಲೇ ಬೆರಳಿಗೆ ದಾರಿ ತಿಳಿಯಲಿ ಎಂದು. ಆಮೇಲೆ ನಿಮ್ಮ ಅಕ್ಷರವನ್ನು ಮುಚ್ಚಿಬಿಡಿ. ಅವನು ನೆನಪಿನಿಂದ ಮೂರು ಬಾರಿ ಬರೆಯಲಿ, ಮೂರರಲ್ಲಿ ಯಾವುದು ಚೆನ್ನಾಗಿದೆ ಎಂದು ಅವನೇ ಆರಿಸಲಿ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಪುಟ ತುಂಬಿಸುವ ಅಗತ್ಯ ಖಂಡಿತ ಇಲ್ಲ. ಗಮನವಿಟ್ಟು ಬರೆದ ಮೂರು ಅಕ್ಷರಗಳ ಮುಂದೆ ಗಮನವಿಲ್ಲದೆ ತುಂಬಿಸಿದ ಪುಟ ಯಾವ ಲೆಕ್ಕಕ್ಕೂ ಇಲ್ಲ.

ತಲೆಕಟ್ಟನ್ನು ಮೊದಲು ಹಾಕುತ್ತಾನೆ ಎಂದಿದ್ದೀರಿ. ಇದನ್ನು ಈಗಲೇ ಬದಲಿಸಿ, ಏಕೆಂದರೆ ಇದರ ತೊಂದರೆ ಕಾಗುಣಿತಕ್ಕೆ ಬಂದಾಗ ಗೊತ್ತಾಗುತ್ತದೆ. 'ಗ'ದಿಂದ 'ಗಿ'ಗೆ ಹೋಗುವಾಗ ಒಡಲು ಹಾಗೆಯೇ ಉಳಿದು, ತಲೆಕಟ್ಟಿನ ಜಾಗಕ್ಕೆ ಗುಡಿಸು ಬರುತ್ತದೆ. 'ಗೆ' ಬರೆಯುವಾಗ ಅದೇ ಜಾಗಕ್ಕೆ ಏತ್ವ ಬರುತ್ತದೆ. ಒಡಲನ್ನು ಮೊದಲು ಬರೆದು ತಲೆಯನ್ನು ಕೊನೆಗೆ ಹಾಕುವ ಮಗುವಿಗೆ ಈ ಬದಲಾವಣೆ ಸಹಜವಾಗಿ ಬರುತ್ತದೆ. ತಲೆಕಟ್ಟಿನಿಂದ ಹೊರಡುವ ಮಗು ಮಾತ್ರ 'ಗಿ' ಬರೆಯಲು ಹೋಗಿ ತಲೆಕಟ್ಟು ಹಾಕಿಬಿಡುತ್ತದೆ, ಅಳಿಸುತ್ತದೆ, ಮತ್ತೆ ಹಾಕುತ್ತದೆ. ಎರಡನೆಯ ತರಗತಿಯಲ್ಲಿ ಹಾಳೆ ಹರಿಯುವಷ್ಟು ಉಜ್ಜಿ ಅಳಿಸುವ ಮಕ್ಕಳಲ್ಲಿ ಅನೇಕರಿಗೆ ಇದೇ ಕಾರಣವಿದ್ದುದನ್ನು ನಾನು ನೋಡಿದ್ದೇನೆ.

ಉತ್ತರ 2

ನಾನು ಮಕ್ಕಳೊಂದಿಗೆ ಕೆಲಸ ಮಾಡುವ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಬರೆಯುವುದು, ಗುಂಡಿ ಹಾಕುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸಕ ವೃತ್ತಿಯವರು. ಮೇಡಂ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಅಕ್ಷರದ ಕಡೆಯಿಂದ ಅವರು ಹೇಳಿದ ಮಾತಿಗೆ ದೇಹದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಮೊದಲು ಅವನು ಕುಳಿತಿರುವ ರೀತಿಯನ್ನು ನೋಡಿ. ಪಾದಗಳು ನೆಲಕ್ಕೆ ಅಥವಾ ಒಂದು ಮಣೆಗೆ ಊರಿರಬೇಕು, ಮೇಜು ಮೊಣಕೈ ಮಟ್ಟಕ್ಕೆ ಇರಬೇಕು. ಕಾಲು ಜೋತಾಡುತ್ತಿರುವ ಮಗುವಿಗೆ ಮೈ ಅಲುಗದಂತೆ ಹಿಡಿದುಕೊಳ್ಳುವುದೇ ಒಂದು ಕೆಲಸವಾಗುತ್ತದೆ, ಆ ಶ್ರಮವೆಲ್ಲ ಬೆರಳಿನ ಬಿಗಿತವಾಗಿ ಇಳಿಯುತ್ತದೆ. ಬರೆಯದ ಕೈ ಹಾಳೆಯನ್ನು ಹಿಡಿದಿರಬೇಕು. ಇದು ಸಣ್ಣ ವಿಷಯವೆನಿಸಿದರೂ ಹಾಳೆ ಜಾರುತ್ತಿದ್ದರೆ ಯಾವ ಮಗುವೂ ಹಗುರವಾಗಿ ಬರೆಯಲಾರದು.

ನಾಲ್ಕು ಬೆರಳಿನ ಹಿಡಿತದ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಮೂರು ಬೆರಳಿನ ಹಿಡಿತವನ್ನೇ ಎಲ್ಲರೂ ಆದರ್ಶವೆನ್ನುತ್ತಾರೆ, ಮತ್ತು ಅದು ಬಹಳಷ್ಟು ಮಕ್ಕಳಲ್ಲಿ ನಾಲ್ಕೂವರೆಯಿಂದ ಆರು ವರ್ಷದ ನಡುವೆ ಹದಕ್ಕೆ ಬರುತ್ತದೆ. ಆದರೆ ಉಂಗುರಬೆರಳೂ ಸೇರಿದ ನಾಲ್ಕು ಬೆರಳಿನ ಹಿಡಿತದಲ್ಲಿಯೂ ಅಷ್ಟೇ ವೇಗವಾಗಿ, ಅಷ್ಟೇ ಸ್ಪಷ್ಟವಾಗಿ ಬರೆಯಬಹುದು ಎಂದು ನಾಲ್ಕನೆಯ ತರಗತಿಯ ಮಕ್ಕಳನ್ನು ಹೋಲಿಸಿದ ಅಧ್ಯಯನದಿಂದ ತಿಳಿದಿದೆ. ನೋಡಬೇಕಾದದ್ದು ಬೆರಳುಗಳ ಎಣಿಕೆಯನ್ನಲ್ಲ, ಅವು ಅಲುಗಾಡುತ್ತವೆಯೇ ಎಂಬುದನ್ನು. ಬೆರಳ ತುದಿ ಬೆಳ್ಳಗಾಗುವಷ್ಟು ಒತ್ತುತ್ತಿದ್ದರೆ, ಹಾಳೆಯ ಹಿಂಬದಿಯಲ್ಲಿ ಗೆರೆ ಉಬ್ಬುತ್ತಿದ್ದರೆ, ಅಥವಾ ಬೆರಳುಗಳು ನಿಶ್ಚಲವಾಗಿದ್ದು ಇಡೀ ತೋಳೇ ಚಲಿಸುತ್ತಿದ್ದರೆ ಆಗ ಸಹಾಯ ಬೇಕು. ಅದಕ್ಕೆ ನಾನು ಸೂಚಿಸುವುದು ಸಣ್ಣ ತುಂಡು ಸೀಮೆಸುಣ್ಣ ಅಥವಾ ಮುರಿದ ಬಣ್ಣದ ಕಡ್ಡಿ. ಹೆಬ್ಬೆರಳ ಉಗುರಿನಷ್ಟು ಉದ್ದದ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲ. ಬೆರಳ ತುದಿಗಳು ತಾವಾಗಿ ಮುಂದೆ ಬರುತ್ತವೆ. ಗೋಡೆಗೆ ಒರಗಿಸಿದ ಹಲಗೆಯ ಮುಂದೆ ನಿಲ್ಲಿಸಿ ಅದರ ಮೇಲೆ ಬರೆಯಿಸಿದರೆ ಮಣಿಕಟ್ಟು ಸರಿಯಾದ ಕೋನಕ್ಕೆ ಬರುತ್ತದೆ, ಭುಜಕ್ಕೂ ಬಲ ಬರುತ್ತದೆ. ನೀವು ಮೇಡಂ ಹೇಳಿದ ದೊಡ್ಡ 'ಗ'ವನ್ನು ಮೊದಲ ವಾರ ಹೀಗೆ ನಿಂತೇ ಬರೆಯಿಸಿ.

ಇನ್ನೊಂದನ್ನು ಪರೀಕ್ಷಿಸಿ ನೋಡಿ. ಮಕ್ಕಳು ನೋಡಿ ನಕಲು ಮಾಡುವ ಆಕಾರಗಳಿಗೆ ವಯಸ್ಸಿನ ಒಂದು ಸ್ಥೂಲ ಕ್ರಮವಿದೆ: ಸುಮಾರು ಮೂರು ವರ್ಷಕ್ಕೆ ವೃತ್ತ, ನಾಲ್ಕರ ಹೊತ್ತಿಗೆ ಕೂಡಿಸುವ ಚಿಹ್ನೆ, ನಾಲ್ಕೂವರೆಯಿಂದ ಐದಕ್ಕೆ ಚೌಕ, ಐದರ ಆಚೆಗೆ ತ್ರಿಕೋನ. ಆರಂಭದ ಬಿಂದುವಿಗೇ ಬಂದು ಮುಚ್ಚುವ ವೃತ್ತವನ್ನು ಅವನು ಒಂದೇ ಬೀಸಿನಲ್ಲಿ ಎಳೆಯಬಲ್ಲನೇ? ಕನ್ನಡದ ಅಕ್ಷರಗಳು ಹೆಚ್ಚಾಗಿ ದುಂಡು ಮತ್ತು ಸುರುಳಿಗಳಿಂದಲೇ ಆದವು. ವೃತ್ತವನ್ನೇ ಎರಡು ತುಂಡಾಗಿ ಎಳೆಯುವ ಮಗು 'ರ'ವನ್ನು ಎರಡು ಅರ್ಧಚಂದ್ರಗಳಾಗಿ ಎಳೆಯುವುದರಲ್ಲಿ ಆಶ್ಚರ್ಯವಿಲ್ಲ. ಹಾಗಿದ್ದರೆ ಅಕ್ಷರವನ್ನು ಕೆಲವು ದಿನ ಪಕ್ಕಕ್ಕಿಟ್ಟು, ಬರೀ ದುಂಡು, ಸುರುಳಿ, ಅಲೆಗಳನ್ನು ದೊಡ್ಡದಾಗಿ ಬರೆಯಿಸಿ.

ಎಡಬಲ ಅದಲುಬದಲಾಗುವುದು ಏಳು ವರ್ಷದವರೆಗೂ ಸಾಮಾನ್ಯ. ಇಷ್ಟೆಲ್ಲ ಮಾಡಿಯೂ ಕೆಲವು ತಿಂಗಳಲ್ಲಿ ಏನೂ ಬದಲಾಗದಿದ್ದರೆ, ಗುಂಡಿ ಹಾಕುವುದು, ಕತ್ತರಿ ಹಿಡಿಯುವುದು ಮುಂತಾದ ಬೇರೆ ಕೆಲಸಗಳಲ್ಲಿಯೂ ಅವನ ಕೈ ಹಿಂದೆ ಬಿದ್ದಿದ್ದರೆ, ತಜ್ಞರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಉತ್ತರ 3

ನಾನು ಶಿಕ್ಷಕನಲ್ಲ, ಇಬ್ಬರು ಮಕ್ಕಳ ತಂದೆ. ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ, ಆದರೂ ನನ್ನ ಮನೆಯಲ್ಲಿ ನಡೆದದ್ದನ್ನು ಹೇಳದಿರಲಾರೆ. ನನ್ನ ಹಿರಿಯ ಮಗಳಿಗೆ ಐದು ವರ್ಷವಾಗಿದ್ದಾಗ ನಾವು ಇದೇ ರೀತಿ ಕ್ರಮ ತಿದ್ದಲು ಹೊರಟೆವು. ಅವಳು ಪೆನ್ಸಿಲ್ ಎತ್ತಿದ ಕೂಡಲೇ "ಅಲ್ಲಿಂದಲ್ಲ, ಇಲ್ಲಿಂದ" ಎನ್ನುತ್ತಿದ್ದೆವು. ಕೆಲವೇ ವಾರಗಳಲ್ಲಿ ಅವಳು ಬರೆಯುವುದನ್ನು ಮಾತ್ರವಲ್ಲ, ಚಿತ್ರ ಬಿಡಿಸುವುದನ್ನೂ ನಿಲ್ಲಿಸಿದಳು. ಅದಕ್ಕೂ ಮೊದಲು ಗಂಟೆಗಟ್ಟಲೆ ಚಿತ್ರ ಬಿಡಿಸುತ್ತಿದ್ದ ಮಗು ಅವಳು. ಮತ್ತೆ ಬಣ್ಣ ಮುಟ್ಟಲು ಒಂದು ವರ್ಷ ಬೇಕಾಯಿತು. ಆ ವರ್ಷವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕಿರಿಯವನ ವಿಷಯದಲ್ಲಿ ಆರು ದಾಟುವವರೆಗೆ ನಾವು ಏನನ್ನೂ ಹೇಳಲಿಲ್ಲ. ಕಾಗೆ ಕಾಲು, ಗುಬ್ಬಿ ಕಾಲು ಏನೇ ಬರೆದರೂ ಅದು ಏನೆಂದು ಕೇಳಿ ತಿಳಿದುಕೊಂಡೆವು, ಅಷ್ಟೆ. ಆಮೇಲೆ ಅವನೇ ಬಂದು, ಅಕ್ಕನ ಹಾಗೆ ಬೇಗ ಬರೆಯುವುದು ಹೇಗೆ ಎಂದು ಕೇಳಿದ. ಆಗ ತೋರಿಸಿದ್ದನ್ನು ಅವನು ಸುಲಭವಾಗಿ ಹಿಡಿದುಕೊಂಡ. ಐದು ವರ್ಷ ಎರಡು ತಿಂಗಳ ಮಗುವಿಗೆ ಇಷ್ಟು ಅವಸರವೇಕೆ ಎಂಬುದು ನನ್ನ ಪ್ರಶ್ನೆ. ಅಳುತ್ತಿರುವ ಮಗುವಿಗೆ ಮೊದಲು ಆಗಬೇಕಾದದ್ದು ಅಳು ನಿಲ್ಲುವುದು.

ಉತ್ತರ 4

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ಬಲಗೈಯವಳಾದ ನಾನು ದಾರಿ ತೋರಿಸಿದರೆ ಅವಳಿಗೆ ಗೊಂದಲವಾಗುತ್ತದೆ, ಜೊತೆಗೆ ಬರೆದದ್ದನ್ನೆಲ್ಲ ಅವಳ ಕೈಯೇ ಮುಚ್ಚಿಬಿಡುತ್ತದೆ. ಏನು ಮಾಡಬಹುದು?

ಉತ್ತರ 5 (ಆಕ್ಯುಪೇಷನಲ್ ಥೆರಪಿಸ್ಟ್)

ಅಕ್ಷರದ ದಾರಿ ಎಡಗೈಗೂ ಅದೇ ಇರಲಿ. ಬದಲಾಗಬೇಕಾದದ್ದು ಹಾಳೆಯ ಜಾಗ. ಹಾಳೆಯನ್ನು ಅವಳ ಮೈಯ ನಡುಗೆರೆಗಿಂತ ಸ್ವಲ್ಪ ಎಡಕ್ಕೆ ಸರಿಸಿ, ಮೇಲಿನ ಅಂಚು ಬಲಕ್ಕೆ ವಾಲುವಂತೆ ಓರೆಯಾಗಿ ಇಡಿ. ಪೆನ್ಸಿಲ್ಲನ್ನು ಮೊನೆಯಿಂದ ಮೂರು ಸೆಂಟಿಮೀಟರಿನಷ್ಟು ಮೇಲೆ ಹಿಡಿಯಲಿ. ಆಗ ಕೈ ಸಾಲಿನ ಕೆಳಗೆ ಉಳಿಯುತ್ತದೆ, ಬರೆದದ್ದು ಕಣ್ಣಿಗೆ ಕಾಣುತ್ತದೆ, ಮಣಿಕಟ್ಟನ್ನು ಕೊಕ್ಕೆಯಂತೆ ಬಾಗಿಸುವ ಅಭ್ಯಾಸವೂ ಬರುವುದಿಲ್ಲ. ನೀವು ಅವಳ ಎದುರಿಗೆ ಕೂರದೆ ಪಕ್ಕದಲ್ಲಿ ಕುಳಿತು, ಸಾಧ್ಯವಾದಷ್ಟು ನಿಮ್ಮ ಎಡಗೈಯಿಂದಲೇ ದೊಡ್ಡದಾಗಿ ಬರೆದು ತೋರಿಸಿ. ತರಗತಿಯಲ್ಲಿ ಅವಳು ಬೆಂಚಿನ ಎಡತುದಿಯಲ್ಲಿ ಕುಳಿತರೆ ಪಕ್ಕದ ಮಗುವಿನ ಮೊಣಕೈ ತಾಗುವುದಿಲ್ಲ. ಕೈ ಬದಲಿಸಲು ಮಾತ್ರ ಎಂದಿಗೂ ಹೇಳಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನ ಪ್ರಯತ್ನಿಸಿ ಬರೆಯುತ್ತಿದ್ದೇನೆ. ಮೂರನೆಯ ಉತ್ತರ ಬರೆದವರ ಮಾತು ಮನಸ್ಸಿಗೆ ತಾಕಿತು, ಆದ್ದರಿಂದ ಅವನು ತಾನಾಗಿ ಬರೆಯುವಾಗ ಏನನ್ನೂ ಹೇಳದೆ, ನಾವಿಬ್ಬರೂ ಹಲಗೆಯ ಮುಂದೆ ನಿಂತ ಐದು ನಿಮಿಷ ಮಾತ್ರ ದಾರಿಯ ಮಾತಾಡಿದೆ. ಶಾಲೆಯಲ್ಲಿ ವಿನಂತಿಸಿಕೊಂಡು ಚುಕ್ಕಿ ಹಾಳೆಗಳನ್ನು ಎರಡರಿಂದ ಒಂದಕ್ಕೆ ಇಳಿಸಿಕೊಂಡೆವು. 'ಗ' ಈಗ ಸರಿಯಾದ ದಾರಿಯಲ್ಲಿ ಬರುತ್ತಿದೆ, ಬರೆಯುವಾಗ "ಹತ್ತಿದೆ, ಬಾಗಿದೆ" ಎಂದು ತಾನೇ ಹೇಳಿಕೊಳ್ಳುತ್ತಾನೆ. ನಾಲ್ಕು ದಿನದಿಂದ ಅತ್ತಿಲ್ಲ. ಆದರೆ 'ದ' ಮಾತ್ರ ಹಳೆಯ ಮೂರು ತುಂಡುಗಳಲ್ಲೇ ಇದೆ. ಹಲಗೆಯ ಮೇಲೆ ಸರಿಯಾಗಿ ಬರೆದವನು ಪುಸ್ತಕಕ್ಕೆ ಬಂದ ಕೂಡಲೇ ಹಳೆಯದಕ್ಕೆ ಮರಳುತ್ತಾನೆ. ಮೇಡಂ, ಇನ್ನೆಲ್ಲ ಅಕ್ಷರಗಳನ್ನೂ ಹೀಗೆ ಒಂದೊಂದಾಗಿ ಮೊದಲಿಂದ ಕಲಿಸಬೇಕೇ? ಯಾವ ಕ್ರಮದಲ್ಲಿ?

ಉತ್ತರ 6 (ಉತ್ತರ 1 ಬರೆದವರು)

ತುಂಬ ಸಂತೋಷವಾಯಿತು ಅಮ್ಮ. ಮಗಳ ವಿಷಯ ಬರೆದ ಸಹೋದರರಿಗೂ ಒಂದು ಮಾತು: ನೀವು ಹೇಳಿದ ಸಂಕಟ ನಿಜವಾದದ್ದು, ಅದನ್ನು ಓದಿ ನನ್ನ ಮೊದಲ ಉತ್ತರದಲ್ಲಿ ಒಂದು ಎಚ್ಚರಿಕೆ ಇರಬೇಕಿತ್ತು ಎನಿಸಿತು. ಮಗು ತನ್ನ ಸಂತೋಷಕ್ಕೆ ಬರೆಯುವಾಗ ತಿದ್ದಲೇಬಾರದು. ಕಾಯಬಹುದು ಎಂಬುದನ್ನೂ ಒಪ್ಪುತ್ತೇನೆ. ಬರೆಯಲು ಶುರುಮಾಡದ ಮಗುವನ್ನು ಆರರವರೆಗೆ ಹಾಗೆಯೇ ಬಿಟ್ಟರೆ ನಷ್ಟವಿಲ್ಲ. ಆದರೆ ಈ ಮಗು ದಿನಕ್ಕೆ ಎರಡು ಪುಟ ಬರೆಯುತ್ತಿತ್ತು, ಈಗಲೂ ದಿನವೂ ಬರೆಯುತ್ತಿದೆ. ಅಷ್ಟು ಬರೆಯುವ ಕೈಗೆ ದಾರಿ ತೋರಿಸದಿದ್ದರೆ ಅದು ಖಾಲಿಯಾಗಿ ಕಾಯುವುದಿಲ್ಲ, ತಪ್ಪು ದಾರಿಯನ್ನೇ ಗಟ್ಟಿ ಮಾಡಿಕೊಳ್ಳುತ್ತದೆ.

ಕ್ರಮದ ಬಗ್ಗೆ ಕೇಳಿದಿರಿ. ವರ್ಣಮಾಲೆಯ 49 ಅಕ್ಷರಗಳನ್ನು 'ಅ'ದಿಂದ 'ಳ'ದವರೆಗೆ ಸಾಲಾಗಿ ಬರೆಯಿಸುವುದು ಬಾಯಿಪಾಠಕ್ಕೆ ಸರಿ, ಕೈಗೆ ಸರಿಯಲ್ಲ. 'ಅ' ನೋಡಲು ಮೊದಲನೆಯದಾದರೂ ಎಳೆಯ ಕೈಗೆ ಸುಲಭವಾದ ಅಕ್ಷರವೇನಲ್ಲ. 'ಋ'ವಂತೂ ಬಹಳ ಕಷ್ಟ. ರ, ಗ, ಸ, ದ, ಅ ಎಂದು ಶುರುವಾಗುವ ಪಠ್ಯಕ್ರಮವನ್ನು ನೀವು ನೋಡಿರಬಹುದು. ಅಂಥ ಕ್ರಮದಲ್ಲಿ ಅಕ್ಷರಗಳು ಬೇಗ ಪದಗಳಾಗುತ್ತವೆ. ಮನೆಯಲ್ಲಿ ನೀವು ಕೈಯ ಚಲನೆಯನ್ನು ನೋಡಿ ಗುಂಪು ಮಾಡಿಕೊಳ್ಳಿ. 'ರ' ಬಂದರೆ ನಡುವೆ ಒಂದು ಚುಕ್ಕಿ ಇಟ್ಟು 'ಠ' ಆಗುತ್ತದೆ. 'ದ' ಬಂದರೆ ಚುಕ್ಕಿಯಿಂದ 'ಥ', ಕೆಳಗೊಂದು ಸೀಳುಗೆರೆಯಿಂದ 'ಧ'. 'ವ' ಬಂದ ಮೇಲೆ 'ಪ', 'ಪ' ಬಂದ ಮೇಲೆ 'ಫ' ಮತ್ತು 'ಷ'. ಹೀಗೆ ನೋಡಿದರೆ ನೀವು ಮೊದಲಿಂದ ಕಲಿಸಬೇಕಾದ ದಾರಿಗಳು ಅಕ್ಷರಗಳ ಸಂಖ್ಯೆಗಿಂತ ಕಡಿಮೆಯಾಗುತ್ತವೆ. ಬ, ಲ, ಜ, ಟ, ಣ ಮೊದಲಾದವಕ್ಕೆ ತಲೆಕಟ್ಟೇ ಇಲ್ಲ. ಅವುಗಳನ್ನು ಒಟ್ಟಿಗೆ ಇಟ್ಟು "ಇವಕ್ಕೆ ತಲೆಕಟ್ಟು ಬೇಡ" ಎಂದು ಒಂದೇ ಬಾರಿಗೆ ಹೇಳಿಬಿಡಿ, ಇಲ್ಲದಿದ್ದರೆ ಎಲ್ಲಕ್ಕೂ ತಲೆಕಟ್ಟು ಹಾಕುವ ಹುಮ್ಮಸ್ಸಿನಲ್ಲಿ ಅವುಗಳಿಗೂ ಹಾಕುತ್ತಾನೆ. ನೋಡಲು ಹತ್ತಿರವಿದ್ದು ದಾರಿ ಬೇರೆಯಾಗುವ ಜೋಡಿಗಳನ್ನು ಮಾತ್ರ ಒಂದೇ ವಾರದಲ್ಲಿ ಕಲಿಸಬೇಡಿ. 'ಮ' ಮತ್ತು 'ವು' ಇದಕ್ಕೆ ಉದಾಹರಣೆ: 'ಮ'ದ ಬಾಲ ಗೆರೆಯ ಮೇಲೆಯೇ ಬಲಕ್ಕೆ ಸಾಗುತ್ತದೆ, 'ವು'ದ ಕೊಂಬು ಕೆಳಗಿನಿಂದ ಬರುತ್ತದೆ.

'ದ'ವನ್ನು ಪುಸ್ತಕದಲ್ಲಿ ಇನ್ನೂ ಕೆಲವು ದಿನ ಬರೆಯಿಸಬೇಡಿ. ಹಲಗೆಯಿಂದ ಪುಸ್ತಕದ ಸಣ್ಣ ಗೆರೆಗೆ ಒಮ್ಮೆಲೇ ಇಳಿದಾಗ ಕೈ ಹಳೆಯ ಅಭ್ಯಾಸಕ್ಕೆ ಜಾರುವುದು ಸಹಜ. ನಡುವೆ ಒಂದು ಮೆಟ್ಟಿಲು ಇಡಿ: ಗೆರೆಯಿಲ್ಲದ ಹಾಳೆಯನ್ನು ನಾಲ್ಕಾಗಿ ಮಡಿಸಿ, ಒಂದೊಂದು ಮನೆಯಲ್ಲಿ ಒಂದೊಂದೇ 'ದ' ಬರೆಯಲಿ. ಹೊರಡುವ ಜಾಗದಲ್ಲಿ ಮಾತ್ರ ನೀವು ಒಂದು ಬಣ್ಣದ ಚುಕ್ಕಿ ಇಟ್ಟುಕೊಡಿ, ಉಳಿದ ದಾರಿ ಅವನದೇ ಇರಲಿ. ನಾಲ್ಕು ಮನೆಯಲ್ಲೂ ಕೈ ಎತ್ತದೆ ಒಡಲು ಬಂದ ದಿನ ಆ ಚುಕ್ಕಿಯನ್ನು ತೆಗೆದುಬಿಡಿ, ಮರುದಿನ ಹಾಳೆಯನ್ನು ಎಂಟಾಗಿ ಮಡಿಸಿ. ಪುಸ್ತಕಕ್ಕೆ ಬಂದಾಗ ಸಾಲು ಬಿಟ್ಟು ಸಾಲು ಬರೆಯಿಸಿ. ಮುಂದೆ ಒತ್ತಕ್ಷರಗಳು ಬಂದಾಗ ಆ ಕೆಳಗಿನ ಜಾಗ ಹೇಗಿದ್ದರೂ ಬೇಕಾಗುತ್ತದೆ. 'ದ' ಸರಿಯಾದ ಮೇಲೆ ಬರೆದು ತಿಳಿಸಿ, 'ರ'ದ ಅರ್ಧಚಂದ್ರಗಳ ಬಗ್ಗೆ ಆಮೇಲೆ ಮಾತಾಡೋಣ.